ಅಮಾನುಲ್ಲಾ ಸಾಹೇಬರ ಕೈಯಲ್ಲಿದ್ದ ಗೂಡು

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಅಮಾನುಲ್ಲಾ ಸಾಹೇಬರನ್ನು ಕೈಯಲ್ಲಿ ರೇಷ್ಮೆಗೂಡಿಲ್ಲದೆ ಕಂಡವರು ಈಚೆಗೆ ಯಾರೂ ಇಲ್ಲ. ನೂಲು ತೆಗೆಯುವುದು ಅವರ ಕಸುಬು. ಮಾರ್ಕೆಟ್ಟಿನಲ್ಲಿ ಗೂಡು ಕೊಳ್ಳುವವರು ಒಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಒಳಗಿನ ಹುಳು ಕಟಕಟ ಎಂದರೆ ಗೂಡು ಬಲಿತಿದೆ ಎಂದು ಲೆಕ್ಕ. ಇವರು ಮಾತ್ರ ಟೀ ಅಂಗಡಿಯಲ್ಲೂ, ಮನೆಯ ಜಗಲಿಯಲ್ಲೂ ಅಲ್ಲಾಡಿಸುತ್ತ ಕೂರುತ್ತಿದ್ದರು. ಸಾಹೇಬರಿಗೆ ಗೂಡಿನ ಹುಚ್ಚು ಎಂದು ಬೀದಿಯವರು ನಗುತ್ತಿದ್ದರು.

ನಿಜ ಗೊತ್ತಿದ್ದದ್ದು ಪಕ್ಕದ ಮನೆಯ ನನಗೊಬ್ಬನಿಗೇ ಎಂದುಕೊಂಡಿದ್ದೆ. ಅವರ ಬಲಗೈ ತಾನಾಗಿ ನಡುಗುತ್ತಿತ್ತು. ಗೂಡು ಹಿಡಿದಿದ್ದರೆ ನಡುಕ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ಮಗ ಅಫ್ಜಲ್‌ಗೆ ಗೊತ್ತಾದ್ರೆ ಮಾರ್ಕೆಟ್‌ಗೆ ಹೋಗೋದು ಬಿಡಿಸ್ತಾನೆ. ಆಮೇಲೆ ನಾನು ಗೋಡೆ ನೋಡ್ಕೊಂಡು ಕೂತಿರ್ಲಾ, ಹೇಳಪ್ಪ" ಎಂದಿದ್ದರು. ಆ ಭಯ ಅವರನ್ನು ತಿನ್ನುತ್ತಿತ್ತು.

ಇದರ ಜೊತೆಗೆ ಹೆಂಡತಿ ಅಖ್ತರಿಯ ಮೇಲೊಂದು ದೂರು. ಟೀ ಯಾವಾಗಲೂ ಅರ್ಧ ಲೋಟವೇ ಕೊಡುತ್ತಾಳೆ, ಹಾಲಿಗೆ ಜಿಪುಣತನ ಎಂದು. ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಕಳೆದ ಭಾನುವಾರ ಸಂಜೆ ಅವರ ಮನೆಗೆ ಹೋದೆ. ನಾನಿದ್ದರೆ ಆ ಮನೆಯವರು ಉರ್ದು ಬಿಟ್ಟು ಕನ್ನಡದಲ್ಲೇ ಮಾತಾಡುತ್ತಾರೆ. ಸೊಸೆ ರೂಬಿ ಕಾನ್ವೆಂಟಿನಲ್ಲಿ ಟೀಚರ್. ಭದ್ರವಿಲ್ಲದ ವಸ್ತುಗಳಿಗೆ ಇಂಗ್ಲಿಷಿನಲ್ಲಿ ಏನೇನು ಹೇಳುತ್ತಾರೆ ಎಂಬುದು ಮರುದಿನದ ಪಾಠ. ಅರ್ಥ ಹೇಳಿದರೆ ಸಾಲದು, ಮುಟ್ಟಿ ತೋರಿಸಬೇಕು ಎಂಬುದು ಅವಳ ಹಟ. ಹಾಗಾಗಿ ಮಾವನೇ ವಿದ್ಯಾರ್ಥಿ.

ಒಂದು ಕಾಲು ಗಿಡ್ಡವಾಗಿ ಆಚೀಚೆ ವಾಲುವ ಸ್ಟೂಲು ವಾಬ್ಲಿ. ಮೆಟ್ಟಿಲು ಸಡಿಲಾಗಿ ಇವತ್ತೋ ನಾಳೆಯೋ ಬೀಳುವಂತಿದ್ದ ಅಟ್ಟದ ಏಣಿ ರಿಕೆಟಿ. ನಾನು ಕೂತಿದ್ದ ಕುರ್ಚಿಗೂ ಅದೇ ಹೆಸರು ಬಿತ್ತು.

"ನಮ್ಮನೇಲಿ ಇಷ್ಟೊಂದು ಇಂಗ್ಲಿಷ್ ಇದೆ ಅಂತ ಗೊತ್ತೇ ಇರ್ಲಿಲ್ಲಮ್ಮ" ಎಂದು ಸಾಹೇಬರು ನಕ್ಕರು.

"ಈಗ ಶೇಕಿ. ಸುಮ್ನೆ ಇದ್ರೂ ನಡುಗೋದು. ಅಬ್ಬಾಜಾನ್, ಸ್ಟೂಲ್ ಹಿಡ್ಕೊಳಿ, ತೋರಿಸ್ತೀನಿ" ಎಂದ ರೂಬಿ, ಅಡ್ಡವಾಗುತ್ತದೆಂದು ಅವರ ಕೈಯ ಗೂಡನ್ನು ತೆಗೆದುಕೊಂಡಳು.

ಗೂಡು ಅವಳ ಕೈಗೆ ಹೋಯಿತು. ಅವರ ಕೈ ಕಿವಿಯ ಬಳಿ ಹಾಗೇ ನಡುಗುತ್ತಿತ್ತು.

ರೂಬಿ ಸ್ಟೂಲನ್ನು ಬದಿಗೆ ಸರಿಸಿದಳು. ಸಾಹೇಬರು ಕೈಯನ್ನು ತೊಡೆಯ ಕೆಳಗೆ ಸೇರಿಸಿದರು. ಅಷ್ಟರಲ್ಲಿ ಅಖ್ತರಿ ಟೀ ತಂದರು. ಸಾಹೇಬರಿಗೆ ಎಂದಿನಂತೆ ಅರ್ಧ ಲೋಟ.

"ಇವತ್ತಾದ್ರೂ ಪೂರ್ತಿ ಕೊಡಬಾರದಾ" ಎಂದು ಸಾಹೇಬರು ಮುಖ ತಿರುಗಿಸಿದರು.

"ಪೂರ್ತಿ ಕೊಟ್ರೆ ಕೈ ಮೇಲೆ ಚೆಲ್ಲುತ್ತೆ ಕಣ್ರೀ. ಹೋದ ರಂಜಾನ್‌ನಿಂದ ಅರ್ಧಾನೇ ಕೊಡ್ತಿದೀನಿ."

ಸಾಹೇಬರು ಹೆಂಡತಿಯ ಕಡೆ ತಿರುಗಿದರು. "ಅಫ್ಜಲ್‌ಗೆ ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ಕೈ ನಿಮ್ಮದು."

ಅವರು ತೊಡೆಯ ಕೆಳಗಿನಿಂದ ಬಲಗೈ ತೆಗೆದು, ಎಲ್ಲರ ಎದುರೇ ಲೋಟ ಎತ್ತಿದರು. ಲೋಟ ನಡುಗಿತು, ಒಂದು ಹನಿಯೂ ಚೆಲ್ಲಲಿಲ್ಲ. ಕುಡಿದು ಕೆಳಗಿಟ್ಟು, "ಅಫ್ಜಲ್ ಬಂದ್ರೆ ನನ್ ಹತ್ರ ಕಳಿಸಮ್ಮ" ಎಂದು ರೂಬಿಗೆ ಹೇಳಿದರು. ಅವಳು ಗೂಡನ್ನು ವಾಪಸು ಕೊಡಲು ಬಂದಳು. ಅವರು ತೆಗೆದುಕೊಳ್ಳಲಿಲ್ಲ.