ಕಡಲಾಚೆಯ ಪುರಟ್ಟಾಸಿ

ತಿರುಪ್ಪೂರಿನ ನಮ್ಮ ಮನೆಯಲ್ಲಿ ಪುರಟ್ಟಾಸಿ ತಿಂಗಳೆಂದರೆ ಪೆರುಮಾಳ್ ದೇವರ ವ್ರತ, ಶನಿವಾರವಂತೂ ಇನ್ನೂ ಕಟ್ಟುನಿಟ್ಟು. ಮಾಂಸವಿರಲಿ, ಮೊಟ್ಟೆಯೂ ಹೊಸ್ತಿಲು ದಾಟುವ ಹಾಗಿಲ್ಲ. ಅದಕ್ಕೆ ಕಾವಲು ನನ್ನ ಗಂಡನೇ. ಅಂಥವರು ಅದೇ ತಿಂಗಳು ಬನಿಯನ್ ಹೊಲಿಯುವ ಮಷಿನು ನೋಡಲು ವಿಯೆಟ್ನಾಮಿಗೆ ಹೊರಟರು. ಶಾಲೆಗೆ ರಜೆಯಿತ್ತೆಂದು ನಾನೂ ಮಕ್ಕಳೂ ಜೊತೆಗೆ ಹೋದೆವು. ವಿಮಾನ ಇಳಿದದ್ದೇ ತೀರ್ಪು ಕೊಟ್ಟರು: "ವ್ರತ ಎಲ್ಲಾ ನಮ್ಮೂರಿಗೆ. ಕಡಲು ದಾಟಿದ ಮೇಲೆ ಏನೂ ಇಲ್ಲ."

ಕೋಳಿ ತಿಂದರು, ಹಂದಿ ತಿಂದರು, ಹೋದ ಊರಿನ ಊಟ ಉಣ್ಣಬೇಕು ಅಂತ ಮಕ್ಕಳಿಗೆ ಪಾಠವನ್ನೂ ಮಾಡಿದರು. ಒಂದು ಮಧ್ಯಾಹ್ನ ಮೆನುವಿನ ಚಿತ್ರಕ್ಕೆ ಬೆರಳಿಟ್ಟು ಏನೋ ತರಿಸಿದರು. ಬಂದದ್ದು ಕಾಲು ಚಾಚಿ ಮಲಗಿದ ಹುರಿದ ಕಪ್ಪೆ. ಮಗಳು ಒಂದು ಕಾಲು ಮುರಿದು ಬಾಯಿಗಿಟ್ಟು, "ಚೆನ್ನಾಗಿದೆ ಅಪ್ಪಾ, ನೀವೂ ತಿನ್ನಿ" ಅಂದಳು.

ಇವರು ಕೆನ್ನೆ ಬಡಿದುಕೊಂಡರು. "ಇವತ್ತು ಪುರಟ್ಟಾಸಿ ಶನಿವಾರ ಕಣಮ್ಮ, ಮರೆತೇ ಹೋಗಿತ್ತು."

"ಪೆರುಮಾಳಿಗೆ ವೀಸಾ ಈಗ ಸಿಕ್ಕಿತಾ?" ಅಂದೆ.

ಮಗ ಪರದೇಶದಲ್ಲೂ ಶನಿವಾರ ಬಿಡಲಿಲ್ಲ ಅಂತ ಅತ್ತೆ ಈಗ ಬೀದಿಗೆಲ್ಲ ಹೇಳುತ್ತಿದ್ದಾರೆ. ಪುಣ್ಯ ಅಂತ ಏನಾದರೂ ಬಂದಿದ್ದರೆ ಅದು ಆ ಕಪ್ಪೆಗೆ ಸೇರಬೇಕು.