ಹೆಗ್ಗಣಗಳಿಗೆ ಕಾವಲು

ಸುಧನ್ವನ ಏಟಿಗೆ ಒಂದು ಹೆಸರಿತ್ತು. ಸೂರತ್ತಿನ ಬಳಿಯ ಸಚಿನ್ ಎಂಬ ಊರಿನ ಕೈಗಾರಿಕಾ ವಸಾಹತಿನ ಹಿಂಬದಿಯಲ್ಲಿ ಅವನು ಹೋಟೆಲು ಹಾಕಿದ ದಿನದಿಂದ, ಅವನ ಕಬ್ಬಿಣದ ಸರಳು ಒಂದೇ ಹೆಗ್ಗಣದ ಮೇಲೆ ಎರಡನೆಯ ಸಲ ಎದ್ದದ್ದನ್ನು ಕಂಡವರಿರಲಿಲ್ಲ. ಕಿವಿಯ ಹಿಂದೆ ಒಂದೇ ಏಟು. ಹಪ್ಪಳ ಮುರಿದಂಥ ಸದ್ದು. ಆಮೇಲೆ ಸತ್ತದ್ದರ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಕೈ ತೊಳೆದು ಗಲ್ಲಾದ ಮುಂದೆ ಕೂತು, ಊಟಕ್ಕೆ ಬಂದ ಬಣ್ಣದ ಮಿಲ್ಲಿನ ಕೆಲಸಗಾರರಿಗೆ ಟೋಕನ್ ಹರಿದು ಕೊಡುತ್ತಿದ್ದ.

ಈ ದ್ವೇಷಕ್ಕೊಂದು ಗುರುತೂ ಇತ್ತು. ಕುಂದಾಪುರದ ಕಡೆಯಿಂದ ಸೂರತ್ತಿಗೆ ಲೋಟ ತೊಳೆಯಲು ಬಂದ ಹೊಸತರಲ್ಲಿ, ಯಾರದೋ ಹೋಟೆಲಿನ ಅಕ್ಕಿ ಮೂಟೆಗಳ ನಡುವೆ ಅವನು ಮಲಗಿದ್ದಾಗ, ಹೆಗ್ಗಣವೊಂದು ಅವನ ಎಡಗಾಲಿನ ಹೆಬ್ಬೆರಳ ತುದಿಯನ್ನು ಕಚ್ಚಿ ಕಿತ್ತಿತ್ತು. ಈಗ ನಲವತ್ತಾರರ ವಯಸ್ಸಿನಲ್ಲೂ ಅವನ ಎಡಗಾಲಿನ ಚಪ್ಪಲಿ ಸವೆಯುವ ರೀತಿಯೇ ಬೇರೆ.

ಹೋಟೆಲಿನ ಹಿಂದೆ ಕಬ್ಬಿನ ಗದ್ದೆಯಿತ್ತು. ಆ ಚಳಿಗಾಲದಲ್ಲಿ ಕಬ್ಬು ಕಟಾವಾದೊಡನೆ, ನೆರಳೂ ತಿನಿಸೂ ಒಟ್ಟಿಗೇ ಕಳೆದುಕೊಂಡ ಗದ್ದೆಯ ಹೆಗ್ಗಣಗಳು ಗೋಡೆಯ ಅಡಿಯಿಂದ ಬಿಲ ಕೊರೆದು ದಾಸ್ತಾನು ಕೋಣೆಗೆ ನುಗ್ಗಿದವು.

"ಹ್ವಾಯ್ ಭಾವ, ಇಲ್ ಕಾಣಿ. ಗೋಡೆ ಅಡಿಗೆ ಮೆಟ್ರೋ ಕೊರೀತಾ ಇದ್ದೊ," ಎಂದ ರಾಘವ. ದೋಸೆ ಕಾವಲಿಯ ಉಸ್ತುವಾರಿ ಅವನದು. ಸುಧನ್ವನ ಹೆಂಡತಿ ಜಯಂತಿಗೆ ಅವನೊಬ್ಬನೇ ತಮ್ಮ.

"ಕೊರೀಲಿ. ಟಿಕೆಟ್ ನಾನ್ ಕೊಡ್ತೆ."

ಊಟದ ಗಿರಾಕಿ ಕರಗಿದ ಮೇಲೆ ಸುಧನ್ವ, ರಾಘವ, ಸಪ್ಲೈಯರ್ ವಿನಯ್ ಮೂವರೂ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಿಲದ ಬಾಯಿಗೆ ಕುದಿಯುವ ನೀರು ಸುರಿದಾಗ ಒಳಗಿನಿಂದ ಎದ್ದ ಕೂಗು ಎಳೆಮಕ್ಕಳ ಅಳುವಿನಂತಿತ್ತು. ಮೈ ಬೆಂದು ಕೂದಲು ಕಿತ್ತುಬಂದ ಹೆಗ್ಗಣಗಳು ಹೊರಗೆ ಹಾರಿದವು. ಗೋಡೆಗೆ ಏರಿದವು, ಜಾರಿದವು, ತಿರುಗಿ ಮನುಷ್ಯರ ಮೊಣಕಾಲಿಗೇ ಹಲ್ಲು ತೋರಿದವು. ಸರಳು ಬೀಸಿತು. ಒಂದು ತಾಯಿ ಹೆಗ್ಗಣ ಬಾಯಲ್ಲಿ ಮರಿಯನ್ನು ಕಚ್ಚಿಕೊಂಡೇ ಸತ್ತಿತು. ಸತ್ತ ಮೇಲೂ ಬಾಯಿ ಬಿಡಲಿಲ್ಲ. ಬೇಳೆಯ ಮೂಟೆಗಳ ಮೇಲೆ ರಕ್ತ ಚಿಮ್ಮಿತ್ತು. ವಿನಯ್ ಮೂಲೆಯಲ್ಲಿ ವಾಂತಿ ಮಾಡಿಕೊಂಡ.

"ಗಂಡ್ಸಾ ನೀನ್?" ಎಂದು ರಾಘವ ನಕ್ಕ.

ಕಸದ ಗಾಡಿ ಬರುವುದು ಮರುದಿನ ಬೆಳಿಗ್ಗೆ. ಸತ್ತವನ್ನೆಲ್ಲ ಮೂಲೆಗೆ ರಾಶಿ ಹಾಕಿ ಮೇಲೊಂದು ಗೋಣಿ ಹೊದಿಸಿದರು. ಮರುದಿನ ರಾಶಿ ಹೋಯಿತು. ಗೋಣಿಯನ್ನೂ ಗಾಡಿಗೆ ಎಸೆಯಹೊರಟ ರಾಘವನನ್ನು ಸುಧನ್ವ ತಡೆದ. "ಹೊಸಾ ಗೋಣಿ ಮಾರಾಯ. ಕೊಡವಿ ಇಡು."

ಕೊಡವಿ ಇಟ್ಟದ್ದನ್ನೇ ರಾಘವ ಮಧ್ಯಾಹ್ನ ದಾಸ್ತಾನು ಕೋಣೆಯ ತಣ್ಣನೆಯ ನೆಲಕ್ಕೆ ಹಾಸಿಕೊಂಡ. ಊಟದ ಹೊತ್ತು ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವವರೆಗಿನ ಆ ನಿದ್ದೆ ಹೋಟೆಲಿನವರಿಗೆ ಸಂಬಳಕ್ಕಿಂತ ದೊಡ್ಡದು. ಎದ್ದಾಗ ಅವನ ಸೊಂಟದ ಸುತ್ತ ಕೆಂಪು ಚುಕ್ಕೆಗಳು ಸಾಲುಗಟ್ಟಿದ್ದವು. ಕೆರೆದುಕೊಂಡೇ ದೋಸೆ ಹೊಯ್ದ.

ಜ್ವರ ಬಂದದ್ದು ಆಮೇಲಿನ ವಾರ. ತಲೆ ಸಿಡಿಯುತ್ತಿದೆಯೆಂದು ಅವನು ಗೋಡೆಗೆ ಹಣೆ ಚಚ್ಚಿಕೊಂಡ. ಹತ್ತಿರದ ದವಾಖಾನೆಯಲ್ಲಿ ಟೈಫಾಯಿಡ್ ಎಂದು ಬಗೆದು ಮದ್ದು ಕೊಟ್ಟರು. ಎದೆಯ ತುಂಬ ಕೆಂಪು ದದ್ದು ಎದ್ದು, ಸನ್ನಿ ಹಿಡಿದು, ಹಿಡಿಯಬಂದ ಅಕ್ಕನ ಮುಖಕ್ಕೇ ಗುದ್ದಿದಾಗ ಸೂರತ್ತಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಮಂಚಕ್ಕೆ ಕೈಕಾಲು ಕಟ್ಟಿಸಿಕೊಂಡು, ಉಸಿರಿಗಾಗಿ ಬಿಲ್ಲಿನಂತೆ ಬಾಗಿ ಬಾಗಿ, ರಾಘವ ಸತ್ತ. ಅವನ ರಕ್ತದ ವರದಿ ಅವನನ್ನು ಸುಟ್ಟ ಮೇಲೆ ಬಂತು. ಹೆಗ್ಗಣದಿಂದ ಹತ್ತುವ ಜ್ವರವೋ ಎಂಬುದಕ್ಕೆ ಅದು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಷ್ಟರಲ್ಲಿ ಜಯಂತಿಗೂ ಜ್ವರ ಹತ್ತಿತ್ತು. ಆಸ್ಪತ್ರೆಯವರು ಬೇರೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಮನೆಯೆಂದರೆ ದಾಸ್ತಾನು ಕೋಣೆಗೆ ಅಂಟಿದ ಒಂದೇ ಒಂದು ಕೋಣೆ.

ಆರೋಗ್ಯ ಇಲಾಖೆಯಿಂದ ಪೂರ್ವಿ ಎಂಬಾಕೆ ಬಂದದ್ದು ಆಗ. ಕೈಯಲ್ಲಿ ಬೋನು, ಬಿಳಿ ತಟ್ಟೆ, ಹೇನು ತೆಗೆಯುವಂಥ ಸಣ್ಣ ಬಾಚಣಿಗೆ. ಗದ್ದೆಯಿಂದ ಮತ್ತೆ ನುಗ್ಗಿದ್ದ ಹೆಗ್ಗಣಗಳಲ್ಲಿ ಒಂದನ್ನು ಹಿಡಿದು, ಮತ್ತು ಬರಿಸಿ, ತಟ್ಟೆಯ ಮೇಲೆ ಬಾಚಿದಳು. ಎಳ್ಳು ಉದುರಿದಂತೆ ಉದುರಿತು. ಉದುರಿದ ಎಳ್ಳು ನೆಗೆಯಿತು.

"ಚಿಗಟ," ಎಂದಳು ಹಿಂದಿ ಬೆರೆತ ಗುಜರಾತಿಯಲ್ಲಿ. "ಇದಕ್ಕೆ ಹೆಗ್ಗಣದ ಮೇಲೆ ಪ್ರೀತಿ ಇಲ್ಲ, ಸುಧನ್ವಭಾಯಿ. ಬಿಸಿಯ ಮೇಲೆ ಪ್ರೀತಿ. ಹೆಗ್ಗಣ ಸತ್ತು ತಣ್ಣಗಾದರೆ ಮನೆ ಬಿಡುತ್ತೆ. ಆಮೇಲೆ ಹತ್ತಿರದ ಬಿಸಿ ಮೈ ಯಾವುದೋ, ಅದೇ ಹೊಸ ಮನೆ."

ಸುಧನ್ವನಿಗೆ ಗೋಣಿ ನೆನಪಾಯಿತು.

ಆಕೆ ಬಿಲಗಳ ಬಾಯಿಗೆ ಪುಡಿ ಉದುರಿಸಿದಳು. ಓಡಾಡುವ ಹೆಗ್ಗಣದ ಮೈಗೆ ಪುಡಿ ಹತ್ತಬೇಕು, ಚಿಗಟ ಸಾಯಬೇಕು. ತಾನು ಬಂದು ಇನ್ನೊಮ್ಮೆ ಬಾಚಿ ನೋಡುವವರೆಗೆ ಒಂದನ್ನೂ ಕೊಲ್ಲಬಾರದು ಎಂದಳು.

"ಜ್ವರ ಚಿಗಟದಿಂದಲೇ ಬಂತು ಅಂತ ಗ್ಯಾರಂಟಿ ಉಂಟಾ?" ಎಂದು ಸುಧನ್ವ ಕೇಳಿದ.

"ಇಲ್ಲ. ವರದಿ ನೀವೇ ನೋಡಿದ್ದೀರಿ. ನಾನು ಹೇಳೋದು ಸುಳ್ಳಾದರೆ ನಿಮಗೆ ನಾಲ್ಕು ಮೂಟೆ ಅಕ್ಕಿ ನಷ್ಟ. ನಿಜವಾದರೆ ಗೋಡೆಯ ಆಚೆ ಮಲಗಿರೋದು ಯಾರು?"

ಹೀಗೆ, ಬದುಕಿನುದ್ದಕ್ಕೂ ಕೊಂದವನು ದಾಸ್ತಾನು ಕೋಣೆಯ ಬಾಗಿಲಲ್ಲಿ ಕಾವಲು ಕೂತ. ಹೋಟೆಲು ಮುಚ್ಚಿತ್ತು. ಕರಕರ ಕೇಳಿದಾಗಲೆಲ್ಲ ಅವನ ಬಲಗೈ ತಾನಾಗಿಯೇ ಸರಳನ್ನು ಹುಡುಕುತ್ತಿತ್ತು. ಒಂದು ಹೆಗ್ಗಣ ಬಾಗಿಲಿನ ಸಂದಿಯಿಂದ ಮೂತಿ ಹೊರಹಾಕಿ, ಅವನ ಮೊಂಡು ಹೆಬ್ಬೆರಳನ್ನು ಮೂಸಿ ಒಳಹೋಯಿತು. ಅವನು ಹಲ್ಲು ಕಚ್ಚಿ ಕೂತೇ ಇದ್ದ.

ರಾಘವನ ಬೂದಿಯನ್ನು ತಾಪಿ ನದಿಗೆ ಬಿಟ್ಟ ಮಧ್ಯಾಹ್ನ ವಿನಯ್ ಬಂದ. ಜೊತೆಗೆ ರಾಘವನ ದೋಸೆ ತಿಂದು ಬೆಳೆದ ಮಿಲ್ಲಿನ ಇಬ್ಬರು. ಮೂವರ ಕೈಯಲ್ಲೂ ಕಬ್ಬಿಣ.

"ಬದಿಗೆ ನಿಲ್ಲಿ ಅಣ್ಣ. ರಾಘವನ್ನ ತಿಂದದ್ರಲ್ಲಿ ಒಂದನ್ನೂ ಬಿಡೂದಿಲ್ಲ."

"ಬ್ಯಾಡ ವಿನಯ. ಈಗ ಹೊಡೂಕಾಗ."

"ಎಂತ, ಹೆಗ್ಗಣಕ್ಕೆ ಸೀಮಂತ ಮಾಡ್ತ್ರಿಯಾ? ಅವತ್ತ್ ನಂಗೆ ವಾಂತಿ ಬಂದ್ರೂ ಹೊಡಿ ಅಂದ್ರಿ. ಈಗ ಸಾಕೂಕ್ ಹೊರಟ್ರಿ!"

"ಸತ್ರೆ ಚಿಗಟ ಹೊರಗ್ ಬತ್ತ್. ಗೋಡೆ ಆಚೆ ಜಯಂತಿ ಮಲಗಿದ್ದಾಳೆ..."

ಮಾತು ಮುಗಿಯಲಿಲ್ಲ. ದುಃಖಕ್ಕೆ ಕಾರಣದ ಅಗತ್ಯವಿಲ್ಲ, ಗುರಿ ಸಿಕ್ಕರೆ ಸಾಕು. ಬಾಗಿಲಿಗೆ ಬೀಸಿದ ವಿನಯನ ಸರಳು ಅಡ್ಡ ಬಂದ ಸುಧನ್ವನ ಮುಂಗೈಗೆ ಬಿತ್ತು. ಹಪ್ಪಳ ಮುರಿದಂಥ ಸದ್ದು. ಆ ಸದ್ದನ್ನು ಅವನು ಅದೆಷ್ಟು ಸಲ ಕೇಳಿದ್ದನೋ. ಅದರ ಒಳಗಿನ ನೋವು ಮಾತ್ರ ಹೊಸದು. ಮಿಲ್ಲಿನವನೊಬ್ಬ ಹೊಟ್ಟೆಗೆ ಒದ್ದ. ಸುಧನ್ವ ಬಿದ್ದರೂ ಹೊಸ್ತಿಲಿಗೇ ಅಡ್ಡ ಬಿದ್ದ. ತನ್ನನ್ನು ದಾಟಹೋದ ವಿನಯನ ಕಾಲನ್ನು ಎಡಗೈಯಿಂದ ಸೆಳೆದು ಕೆಡವಿದ. ಕೂದಲು ಹಿಡಿದು ಅವನ ಮುಖವನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ, ಇನ್ನೊಮ್ಮೆ ಅಪ್ಪಳಿಸಿದ. ಮೂಗು ಒಡೆಯಿತು. ಹಲ್ಲೊಂದು ನೆಲದ ಮೇಲೆ ಉರುಳಿತು.

"ವಿನಯ."

ಪಕ್ಕದ ಬಾಗಿಲಲ್ಲಿ ಜಯಂತಿ ಗೋಡೆ ಹಿಡಿದು ನಿಂತಿದ್ದಳು. ತಮ್ಮನ ಗುದ್ದಿನಿಂದ ಕಣ್ಣಿನ ಕೆಳಗೆ ಕಟ್ಟಿದ ಕಪ್ಪು ಇನ್ನೂ ಮಾಸಿರಲಿಲ್ಲ.

"ತಮ್ಮನ್ನ ಸುಟ್ಟಾಯ್ತ್. ಆ ಬಾಗಿಲ್ ತೆಗೂದಾದ್ರೆ ನಂಗೂ ಸೌದೆ ತಂದಿಟ್ಟೇ ತೆಗಿ."

ವಿನಯ್ ಬಾಯಿಂದ ಸುರಿಯುವ ರಕ್ತವನ್ನು ಅಂಗೈಯಲ್ಲಿ ಹಿಡಿದು ನೋಡಿದ. ಅವನ ಸರಳು ಅಲ್ಲೇ ಉಳಿಯಿತು, ಮೂವರೂ ಹೋದರು.

ಪೂರ್ವಿ ಮತ್ತೆ ಬರುವ ಹೊತ್ತಿಗೆ ಜಯಂತಿಯ ಜ್ವರ ಇಳಿದಿತ್ತು. ಮಾತ್ರೆಯಿಂದಲೋ, ಪುಡಿಯಿಂದಲೋ, ತಾನಾಗಿಯೋ, ಯಾರೂ ಆಣೆ ಇಟ್ಟು ಹೇಳಲಾರರು. ಸುಧನ್ವನ ಬಲಗೈ ಪ್ಲಾಸ್ಟರಿನಲ್ಲಿತ್ತು. ಬೆಳಿಗ್ಗೆಯೇ ಬಂದು ಒಲೆಯ ಬೂದಿ ತೆಗೆಯುತ್ತಿದ್ದ ವಿನಯನ ತುಟಿ ಇನ್ನೂ ಊದಿತ್ತು. ಪೂರ್ವಿ ಹಿಡಿದ ಹೆಗ್ಗಣವನ್ನು ಬಾಚಿದಳು. ತಟ್ಟೆಗೆ ಬಿದ್ದ ಎಳ್ಳು ಈ ಸಲ ನೆಗೆಯಲಿಲ್ಲ.

"ಇನ್ನು ಕೊಲ್ಲಬಹುದು," ಎಂದಳು.

ವಿನಯ್ ಸರಳನ್ನು ತಂದು ಸುಧನ್ವನ ಎಡಗೈಗೆ ಕೊಟ್ಟ. ಎಡಗೈಗೆ ಅಭ್ಯಾಸವಿರಲಿಲ್ಲ. ಮೊದಲ ಏಟು ಸೊಂಟಕ್ಕೆ ಬಿತ್ತು. ಹೆಗ್ಗಣ ಕಿರುಚಿ ಮುಂಗಾಲಿನಲ್ಲಿ ತೆವಳಿತು. ಎರಡನೆಯದು ದವಡೆ ಒಡೆಯಿತು. ಮೂರನೆಯದಕ್ಕೆ ಸತ್ತಿತು.

"ಬನ್ನಿ, ಕೈ ತೊಳ್ಕಣಿ," ಎಂದು ಜಯಂತಿ ಒಳಗಿನಿಂದ ಕರೆದಳು.

ಅವನು ಏಳಲಿಲ್ಲ. ಚಿಗಟ ಉಳಿದಿದ್ದರೆ ಅಲ್ಲೇ ಮುಳುಗಲೆಂದು ಸತ್ತದ್ದನ್ನು ಸೀಮೆಎಣ್ಣೆಯ ಬಕೆಟ್ಟಿಗೆ ಹಾಕಿ, ಅದು ಪೂರಾ ತಣ್ಣಗಾಗುವವರೆಗೂ, ಅದರ ಮೇಲಿಂದ ಕಣ್ಣು ತೆಗೆಯದೆ ಪಕ್ಕದಲ್ಲೇ ಕೂತಿದ್ದ.