ಪುಕ್ಕಲಿ ಹಾಕಿದ ಚಿಲಕ

ಮನೆಯವರು ಅವಳಿಗಿಟ್ಟ ಅಡ್ಡಹೆಸರು ಪುಕ್ಕಲಿ. ಹೆಸರಿಗೆ ಅವಳು ಎಂದೂ ಮೋಸ ಮಾಡಿದವಳಲ್ಲ. ಜಿರಲೆ ಕಂಡರೆ ಮಂಚ ಹತ್ತುತ್ತಿದ್ದಳು. ಕೆಲಸ ಮಾಡುವ ಲಾಂಡ್ರಿಯಲ್ಲಿ ಮೇಲ್ವಿಚಾರಕ ಗಂಟಲು ಸರಿಮಾಡಿಕೊಂಡರೂ ಸಾಕು, ತಪ್ಪು ತನ್ನದೇ ಇರಬೇಕೆಂದು ಬೆವರುತ್ತಿದ್ದಳು. ಗಂಡ ಬಿಟ್ಟುಹೋದಾಗ ಯಾಕೆ ಎಂದು ಕೇಳುವ ಧೈರ್ಯವೂ ಬರಲಿಲ್ಲ. ಅವನ ಶರಟುಗಳಿಗೆ ಇಸ್ತ್ರಿ ಹಾಕಿ ಪೆಟ್ಟಿಗೆಗೆ ತುಂಬಿಕೊಟ್ಟಳು.

ಇಂಥವಳು ಹೆಣಕ್ಕೆ ಸ್ನಾನ ಮಾಡಿಸುವವಳಾದಳು ಎಂದರೆ ನೆಂಟರು ಇವತ್ತಿಗೂ ನಗುತ್ತಾರೆ. ಆದದ್ದು ಹೀಗೆ. ತಾಯಿ ತೀರಿಕೊಂಡ ದಿನ ಸ್ನಾನ ಮಾಡಿಸಲು ಬಂದಿದ್ದ ಮುದುಕಿ, ಮೂಲೆ ಹಿಡಿದು ನಿಂತಿದ್ದ ಇವಳ ಕೈಗೆ ಚೊಂಬು ಕೊಟ್ಟಳು. "ಹೆಣ್ಣಿನ ಮೈಗೆ ಹೆಣ್ಣೇ ನೀರು ಹಾಕ್ಬೇಕು. ಅಲ್ಲಾಹನ ಹೆಸರು ಹೇಳಿ ಮುಟ್ಟು. ಆಮೇಲೆ ಹೆದರಿಕೆ ಅವನಿಗೆ ಬಿಟ್ಟಿದ್ದು" ಎಂದಳು. ಪುಕ್ಕಲಿ ಮುಟ್ಟಿದಳು. ಕೈ ನಡುಗಲಿಲ್ಲ. ಜೀವಮಾನದಲ್ಲಿ ಅಷ್ಟು ಅಚ್ಚರಿ ಅವಳಿಗೆ ಇನ್ಯಾವುದರಿಂದಲೂ ಆಗಿರಲಿಲ್ಲ. ಮುದುಕಿಯ ಬೆನ್ನಿಗೆ ಬಿದ್ದು ಕೆಲಸ ಕಲಿತಳು. ಕೊನೆಗೆ ಆ ಮುದುಕಿಯನ್ನೂ ತಾನೇ ಮೀಯಿಸಿ ಕಳಿಸಿದಳು.

ಸ್ನಾನದ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಎಂಥ ದೊಡ್ಡ ಮನುಷ್ಯನಾದರೂ ಪುಕ್ಕಲಿ "ಆಯ್ತು" ಅನ್ನುವವರೆಗೆ ಬಾಗಿಲಾಚೆ ಕಾಯಬೇಕು. ಲಾಂಡ್ರಿಯಲ್ಲಿ ತಲೆ ಎತ್ತದವಳು ಅಲ್ಲಿ "ಕಿಟಕಿ ಮುಚ್ಚಿ, ಅಳೋರೆಲ್ಲ ಹೊರಗೆ ಹೋಗಿ" ಎಂದು ಅಪ್ಪಣೆ ಕೊಡುತ್ತಿದ್ದಳು. ನಮಾಜಿನ ಕೊನೆಗೆ ಕೈಯೆತ್ತಿ ಅವಳು ಬೇಡುತ್ತಿದ್ದದ್ದು ಒಂದನ್ನೇ: ಈ ಕೈ ನಡುಗದಿರಲಿ.

ಮುದುಕಿ ಒಂದು ಕಟ್ಟಳೆಯನ್ನೂ ಕಲಿಸಿ ಹೋಗಿದ್ದಳು. ಚಾದರದಡಿ ಕಂಡ ಕುಂದು ಹೊರಗೆ ಬರಕೂಡದು. ಸತ್ತವರ ಕುಂದನ್ನು ಮುಚ್ಚಿದವರ ಕುಂದನ್ನು ಅಲ್ಲಾಹ ಮುಚ್ಚುತ್ತಾನೆ. ಹಾಗಾಗಿ ಪುಕ್ಕಲಿಯ ಹೊಟ್ಟೆಯಲ್ಲಿ ಊರಿನ ಗುಟ್ಟೆಲ್ಲ ಇತ್ತು: ಕಟ್ಟಿಸಿದ ಹಲ್ಲು, ಯಾರದೋ ಹೆಸರಿನ ಹಚ್ಚೆ, ರೇಷ್ಮೆಯೊಳಗಿನ ಹರಕು ಲಂಗ. ತಂಗಿ ಎಷ್ಟು ಕೆದಕಿದರೂ ಅವಳು ತುಟಿಪಿಟಕ್ಕೆನ್ನಲಿಲ್ಲ.

ಒಂದು ಬೆಳಿಗ್ಗೆ ಮರದ ವ್ಯಾಪಾರಿಯ ಮನೆಯಿಂದ ಕರೆ ಬಂತು. ಅವನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸತ್ತಿದ್ದಳು, ಇನ್ನೂ ಎಳೇ ಹುಡುಗಿ. ತವರಿನವರು ದೂರದಿಂದ ಬರಬೇಕಿತ್ತು. ಅವರಿಗಾಗಿ ಕಾಯದೆ ಮಧ್ಯಾಹ್ನದ ನಮಾಜಿನ ಹೊತ್ತಿಗೇ ಮಣ್ಣು ಮಾಡುವುದೆಂದು ಗಂಡ ಹೇಳಿಬಿಟ್ಟಿದ್ದ. ಕೋಣೆಯೊಳಗೆ ಪುಕ್ಕಲಿಗೆ ನೀರು ಎತ್ತಿಕೊಡಲು ನಿಂತವಳು ಅವನ ತಾಯಿ.

ಹುಡುಗಿಯ ಕತ್ತಿಗೆ ದುಪಟ್ಟಾ ಬಿಗಿಯಾಗಿ ಸುತ್ತಿತ್ತು. ಪುಕ್ಕಲಿ ಬಿಚ್ಚಿದಳು. ಜಾರಿ ಬಿದ್ದವರ ಮಂಡಿ ಒಡೆಯಬಹುದು, ಸೊಂಟ ಮುರಿಯಬಹುದು. ಕತ್ತಿನ ಎರಡೂ ಬದಿಗೆ ಬೆರಳುಗಳು ನೀಲಿಯಾಗಿ ಮೂಡುವುದಿಲ್ಲ.

"ಮುಚ್ಚು" ಎಂದಳು ಅತ್ತೆ. "ಇಲ್ಲಿ ಕಂಡಿದ್ದು ಇಲ್ಲೇ ಇರ್ಬೇಕು. ನಿನಗೆ ನಾನು ಹೇಳ್ಕೊಡ್ಬೇಕಾ?"

ಕಟ್ಟಳೆ ಪುಕ್ಕಲಿಯದೇ, ಹೇಳುತ್ತಿರುವವಳು ಮಾತ್ರ ಬೇರೆ. ಒಂದು ಚೊಂಬು ನೀರು ಸುರಿದರೆ ಕೆಲಸ ಶುರುವಾಗುತ್ತಿತ್ತು, ಸಂಜೆಯೊಳಗೆ ಆ ಬೆರಳುಗಳೆಲ್ಲ ಮಣ್ಣಿನಡಿ ಹೋಗುತ್ತಿದ್ದವು. ಬಹಳ ದಿನಗಳ ಮೇಲೆ ಅವಳ ಕೈ ನಡುಗಿತು. ಅವಳು ಹುಡುಗಿಯ ಮುಖವನ್ನೇ ನೋಡುತ್ತ ಕುಳಿತಳು. ಆಮೇಲೆ ಚೊಂಬು ಕೆಳಗಿಟ್ಟಳು.

"ಇವಳ ಕುಂದಾಗಿದ್ರೆ ಸಾಯೋವರೆಗೂ ಮುಚ್ತಿದ್ದೆ, ಅಕ್ಕ. ಇದು ಇವಳದ್ದಲ್ಲ. ಇನ್ನೊಬ್ಬರ ಕೈ ಗುರುತು ತೊಳೆಯೋಕೆ ಅಲ್ಲಾಹ ನನಗೆ ಹೇಳಿಲ್ಲ."

ಎದ್ದು ಚಿಲಕ ಹಾಕಿದಳು. ಚೀಲದಿಂದ ಫೋನು ತೆಗೆದು ಪೊಲೀಸರಿಗೆ ಹೇಳಿದಳು. ದನಿ ಏಳದೆ ವಿಳಾಸವನ್ನು ಮತ್ತೆ ಮತ್ತೆ ಹೇಳಬೇಕಾಯಿತು.

ಹೊರಗಿನಿಂದ ಮಗ ಬಾಗಿಲು ತಟ್ಟಿದ. "ಅಮ್ಮಾ, ಇನ್ನೂ ಎಷ್ಟು ಹೊತ್ತು? ಚಿಲಕ ತೆಗಿ."

ಅತ್ತೆ ಬಾಗಿಲ ಹತ್ತಿರ ಹೋದಳು. ಅವಳದ್ದು ಆಳೆತ್ತರದ ಮೈಕಟ್ಟು. ತಡೆಯುವ ಶಕ್ತಿ ಪುಕ್ಕಲಿಗಿರಲಿಲ್ಲ. ಕಣ್ಣು ಮುಚ್ಚಿ ಅಲ್ಲಾಹನ ಹೆಸರು ಹೇಳುತ್ತ ನಿಂತುಬಿಟ್ಟಳು. ಅತ್ತೆಯ ಕೈ ಚಿಲಕದ ಮೇಲೆ ಇತ್ತು. ಆ ತೋಳಿನ ಮೊಣಕೈ, ಎಂದೋ ಮುರಿದದ್ದು, ಸೊಟ್ಟಗೆ ಕೂಡಿಕೊಂಡಿತ್ತು.

"ಇವನಪ್ಪ ಮುರಿದಿದ್ದು" ಎಂದಳು ಅವಳು, ಮೊಣಕೈಯನ್ನೇ ನೋಡುತ್ತ. "ಆವಾಗ ಚಿಲಕ ಹಾಕೋರು ಯಾರೂ ಇರ್ಲಿಲ್ಲ."

ಮಗ ಮತ್ತೆ ಬಾಗಿಲು ಬಡಿದ. ಅತ್ತೆ ಕೈ ತೆಗೆದಳು. "ಇನ್ನೂ ಆಗಿಲ್ಲ" ಎಂದು ಹೊರಗಿನವನಿಗೆ ಹೇಳಿದಳು. "ಕಾಯ್ತಾ ಇರು." ಬಂದು ಸೊಸೆಯ ತಲೆಯ ಹತ್ತಿರ ಕುಳಿತಳು.

ಪೊಲೀಸರು ಬಂದರು, ಮಗನನ್ನು ಕರೆದುಕೊಂಡು ಹೋದರು. ಮಾರನೆಯ ದಿನ ಹೆಣದ ಪರೀಕ್ಷೆ ಮುಗಿದು ಹುಡುಗಿ ಆಸ್ಪತ್ರೆಯಿಂದ ಮರಳಿದಳು. ಪುಕ್ಕಲಿ ಮೀಯಿಸಿದಳು, ಹುಡುಗಿಯ ತಾಯಿ ಒಂದು ಕಡೆ, ಅತ್ತೆ ಇನ್ನೊಂದು ಕಡೆ ನಿಂತು ನೀರು ಎತ್ತಿಕೊಟ್ಟರು. ಆಮೇಲೆ ಕೆಲವು ಮನೆಯವರು ಪುಕ್ಕಲಿಯನ್ನು ಕರೆಯುವುದನ್ನು ನಿಲ್ಲಿಸಿದರು. ಹೆಣ್ಣುಮಕ್ಕಳನ್ನು ಕೊಟ್ಟ ತಾಯಂದಿರು ಮಾತ್ರ ಅವಳ ನಂಬರು ಕೇಳಿ ಇಟ್ಟುಕೊಳ್ಳುತ್ತಾರೆ. ಜಿರಲೆ ಕಂಡರೆ ಅವಳು ಈಗಲೂ ಮಂಚ ಹತ್ತುತ್ತಾಳೆ.

ಮೊನ್ನೆ ಆ ಅತ್ತೆ ಲಾಂಡ್ರಿಗೆ ಬಂದಿದ್ದಳು. ಒಗೆಯಲು ಏನೂ ತಂದಿರಲಿಲ್ಲ.

"ನನ್ನ ಮೈಗೂ ನೀನೇ ನೀರು ಹಾಕ್ಬೇಕು" ಎಂದಳು. "ಮೊಣಕೈ ನೋಡಿ ಯಾರಾದ್ರೂ ಕೇಳಿದ್ರೆ, ಮುಚ್ಚಬೇಡ. ಹೇಳ್ಬಿಡು."